ಜೆಟ್‌ಗೆ ಕೈ ಹಾಕುವ ಮುನ್ನ

ಕಿರುಬೆರಳಿನ ಉಗುರಿನಷ್ಟಿರುವ ಹಿತ್ತಾಳೆಯ ತುಂಡು. ಅದರ ನಡುವೆ ಸುಮಾರು ಒಂದು ಮಿಲಿಮೀಟರ್ ಅಗಲದ ತೂತು. ಕಾರ್ಬ್ಯುರೇಟರಿನ ಮೇನ್ ಜೆಟ್ ಎಂದರೆ ಇದೇ. ಹಳೆಯ ಜಾವಾ ಬೈಕ್ ಒಂದನ್ನು ಎಕ್ಸಲೇಟರ್ ಪೂರ್ತಿ ತಿರುಗಿಸಿ ಓಡಿಸುವಾಗ ಎಂಜಿನ್ ಕುಡಿಯುವ ಪೆಟ್ರೋಲಿನ ಬಹುಪಾಲು ಈ ತೂತಿನಿಂದಲೇ ಹಾಯಬೇಕು. ಎರಡು ಸ್ಟ್ರೋಕಿನ ಬಂಡಿಯಾದ್ದರಿಂದ ಪಿಸ್ಟನ್ನಿಗೂ ಬೇರಿಂಗಿಗೂ ಬೇಕಾದ ಆಯಿಲ್ ಕೂಡ ಆ ಪೆಟ್ರೋಲಿನಲ್ಲೇ ಕಲೆತು ಬರುತ್ತದೆ. ತೂತು ಕಿರಿದಾದರೆ ಎಂಜಿನ್ನಿಗೆ ಹೊಟ್ಟೆಗೂ ಕಡಿಮೆ, ಜಿಡ್ಡಿಗೂ ಕಡಿಮೆ. ಹೆದ್ದಾರಿಯಲ್ಲಿ ಹಾಯಾಗಿ ಓಡುತ್ತಿದ್ದ ಬಂಡಿ ಇದ್ದಕ್ಕಿದ್ದಂತೆ ಹಿಂದಿನ ಚಕ್ರ ಬಿಗಿದು ನಿಂತಿತೆಂದರೆ, ಎಷ್ಟೋ ಸಲ ಅದರ ಮೂಲ ಇಲ್ಲಿರುತ್ತದೆ.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಈ ಬಂಡಿಗಳನ್ನು ಕಟ್ಟಿತು. ಮೊದಲು ಜೆಕ್ ಪರವಾನಗಿಯ ಜಾವಾ, 1973ರಿಂದ ಯೆಜ್ಡಿ. ಅವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಸಿಲಿಂಡರ್, 65 ಮಿ.ಮೀ. ಬೋರ್, 75 ಮಿ.ಮೀ. ಸ್ಟ್ರೋಕ್, ಎರಡು ಸೈಲೆನ್ಸರ್, ಜೆಕ್ ವಿನ್ಯಾಸದ ಜಿಕೋವ್ ಕಾರ್ಬ್ಯುರೇಟರ್. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ಬಂಡಿಗಳು ಸಾಲುಗಟ್ಟಿದಾಗ ಅವುಗಳ ನಡುವೆ ನಡೆದು ಕಿವಿಗೊಟ್ಟರೆ ಸಾಕು. ಒಂದು ಬಂಡಿ ಗುಂಡಗೆ, ತೂಕವಾಗಿ ಡುಗುಡುಗಿಸುತ್ತದೆ. ಪಕ್ಕದ್ದು ಹೊಗೆಯುಗುಳಿ ಮುಕ್ಕರಿಸುತ್ತದೆ. ಮತ್ತೊಂದು ಎಕ್ಸಲೇಟರ್ ಬಿಟ್ಟ ಮೇಲೂ ಕೀರಲು ದನಿಯಲ್ಲಿ ಏರುತ್ತಲೇ ಇರುತ್ತದೆ. ಮೂರಕ್ಕೂ ಕಾರ್ಖಾನೆ ಒಂದೇ. ವ್ಯತ್ಯಾಸ ಅವುಗಳಿಗೆ ಸಿಗುತ್ತಿರುವ ಗಾಳಿ-ಪೆಟ್ರೋಲಿನ ಹದದಲ್ಲಿದೆ.

ಕಾರ್ಖಾನೆಯ ಕೈಪಿಡಿಯಲ್ಲಿ ಜೆಟ್ ನಂಬರ್ ಇದ್ದೇ ಇದೆ, ಅದನ್ನು ಹಾಕಿದರೆ ಆಯಿತಲ್ಲ ಎಂದು ಹೊಸದಾಗಿ ಹಳೆಯ ಬಂಡಿ ಕೊಂಡವರು ಕೇಳುತ್ತಾರೆ. ಆ ನಂಬರಿನಿಂದ ಹೊರಡಬೇಕು, ಸರಿ. ಆದರೆ ಆ ನಂಬರ್ ಬರೆದ ಕಾಲದ ಪೆಟ್ರೋಲ್ ಈಗ ಬಂಕಿನಲ್ಲಿ ಸಿಗುವುದಿಲ್ಲ. ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ನೇ ಇಸವಿಗೆ ಕೊನೆಗೊಂಡಿತು. ಈಗ ಸಿಗುತ್ತಿರುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆತ ಇ20. ಒಂದು ಕಿಲೋ ಶುದ್ಧ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು. ಎಥನಾಲಿಗೆ ಸುಮಾರು 9 ಕಿಲೋ ಸಾಕು, ಏಕೆಂದರೆ ಅದರೊಳಗೇ ಆಮ್ಲಜನಕವಿದೆ. ಇ20ಕ್ಕೆ ಈ ಲೆಕ್ಕ 13.5ರ ಹತ್ತಿರ ಬಂದು ನಿಲ್ಲುತ್ತದೆ. ಹೊಸ ಗಾಡಿಯಲ್ಲಿ ಸೆನ್ಸರ್ ಇದನ್ನು ಅರಿತು ಇಂಧನ ಹೆಚ್ಚಿಸಿಕೊಳ್ಳುತ್ತದೆ. ಹಿತ್ತಾಳೆಯ ತೂತಿಗೆ ಅದು ಹೇಗೆ ತಿಳಿಯಬೇಕು? ಅದೇ ಜೆಟ್, ಅದೇ ಗಾಳಿ. ಆದರೂ ಮಿಶ್ರಣ ಏಳೆಂಟು ಶೇಕಡ ತೆಳುವಾಗಿಬಿಡುತ್ತದೆ.

ಜೊತೆಗೆ ಮೂಲ ಸೈಲೆನ್ಸರ್ ತುಕ್ಕು ಹಿಡಿದು ಹೋಗಿ ಬೇರೆ ಯಾರದೋ ಕೈಯ ಸೈಲೆನ್ಸರ್ ಕೂತಿರುತ್ತದೆ. ಏರ್ ಫಿಲ್ಟರಿನ ಜಾಗದಲ್ಲಿ ಬರೀ ಜಾಲರಿ, ಕೆಲವೊಮ್ಮೆ ಅದೂ ಇಲ್ಲ. ಗಾಳಿ ಸಲೀಸಾಗಿ ಒಳಬಂದಷ್ಟೂ, ಹೊಗೆ ಸಲೀಸಾಗಿ ಹೊರಹೋದಷ್ಟೂ ಪೆಟ್ರೋಲಿನ ಪಾಲು ಕಡಿಮೆ ಬೀಳುತ್ತದೆ. ಹಾಗಾಗಿ ಇವತ್ತಿನ ಬಂಡಿಗೆ ಇವತ್ತಿನ ಹದವನ್ನೇ ಹುಡುಕಬೇಕು.

ಹುಡುಕುವ ಕೆಲಸ ಮಾತ್ರ ಜೆಟ್‌ನಿಂದ ಶುರುವಾಗಬಾರದು. 'ಪಿಕಪ್ ಇಲ್ಲ' ಎಂದೊಡನೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ನಾಲ್ಕು ಜೆಟ್ ತಂದು ಒಂದೊಂದೇ ಹಾಕಿ ನೋಡುವವರು ಬಹಳ. ಮೊದಲು ನೋಡಬೇಕಾದ್ದು ಪಾಯಿಂಟ್. ಕಾಂಟ್ಯಾಕ್ಟ್ ಬ್ರೇಕರಿನ ಸಂದು ಜಾವಾದಲ್ಲಿ 0.4 ಮಿ.ಮೀ. ಇರಬೇಕು, ಅದು ಸವೆದು ಹತ್ತಿರವಾದರೆ ಇಗ್ನಿಷನ್ ತಡವಾಗುತ್ತದೆ, ತಡವಾದ ಕಿಡಿಯ ಲಕ್ಷಣಗಳು ಜೆಟ್ ತಪ್ಪಿದ ಲಕ್ಷಣಗಳಂತೆಯೇ ಕಾಣುತ್ತವೆ. ಆಮೇಲೆ ಪ್ಲಗ್ಗು, ಕಂಡೆನ್ಸರ್. ಪೆಟ್ರೋಲ್ ಟ್ಯಾಪಿನಿಂದ ಪೈಪ್ ಬಿಚ್ಚಿ ಬಾಟಲಿಗೆ ಹಿಡಿದಾಗ ಧಾರೆ ಸೊರಗದೆ ಬೀಳುತ್ತಿರಬೇಕು. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿಕೊಂಡಿದ್ದರೆ ಐದಾರು ಕಿಲೋಮೀಟರ್ ಚೆನ್ನಾಗಿ ಓಡಿ ಬಂಡಿ ನಿಲ್ಲುತ್ತದೆ. ಮುಚ್ಚಳ ತೆಗೆದು ಹಾಕಿದರೆ ಮತ್ತೆ ಓಡುತ್ತದೆ.

ಗಾಳಿ ಕದ್ದು ನುಗ್ಗುವ ಜಾಗಗಳನ್ನು ಹುಡುಕುವುದರಲ್ಲಿ ಇನ್ನಷ್ಟು ತಾಳ್ಮೆ ಬೇಕು. ಕಾರ್ಬ್ಯುರೇಟರ್ ಎಂಜಿನ್ನಿಗೆ ಕೂರುವ ಫ್ಲೇಂಜನ್ನು ಹಿಂದಿನವರು ಬಲವಾಗಿ ಬಿಗಿದೂ ಬಿಗಿದೂ ಅದು ಬಿಲ್ಲಿನಂತೆ ಬಾಗಿರುತ್ತದೆ. ಬಿಚ್ಚಿ ಕನ್ನಡಿ ಗಾಜಿನ ಮೇಲೆ ಇಟ್ಟರೆ ನಡುವಿನ ಸಂದಿಯಲ್ಲಿ ಬೆಳಕು ಕಾಣುತ್ತದೆ. ಅದೇ ಗಾಜಿನ ಮೇಲೆ ನುಣುಪು ಎಮೆರಿ ಕಾಗದ ಹಾಸಿ, ಎಂಟರ ಆಕಾರದಲ್ಲಿ ನಿಧಾನವಾಗಿ ಉಜ್ಜಿ ಸಮ ಮಾಡಬಹುದು. ಎಂಜಿನ್ ನಿಧಾನಗತಿಯಲ್ಲಿ ಓಡುತ್ತಿರುವಾಗ ಆ ಜೋಡಣೆಯ ಸುತ್ತ ಎರಡು ಹನಿ ಆಯಿಲ್ ಬಿಟ್ಟು ದನಿ ಬದಲಾಗುತ್ತದೆಯೇ ಎಂದು ಕೇಳುವುದು ಹಳಬರ ಪರೀಕ್ಷೆ. ಬದಲಾಯಿತು ಎಂದರೆ ಅಲ್ಲಿ ಗಾಳಿ ಸೇರುತ್ತಿದೆ.

ಎರಡು ಸ್ಟ್ರೋಕಿನ ಬಂಡಿಗೆ ಇನ್ನೊಂದು ಗುಟ್ಟಿನ ಬಾಗಿಲಿದೆ: ಕ್ರ್ಯಾಂಕಿನ ಆಯಿಲ್ ಸೀಲ್. ಜಾವಾದಲ್ಲಿ ಬಲಬದಿಗೆ ಡೈನಮೋ, ಎಡಬದಿಗೆ ಕ್ಲಚ್ಚು. ಡೈನಮೋ ಕಡೆಯ ಸೀಲ್ ಹೋದರೆ ಹೊರಗಿನ ಒಣ ಗಾಳಿ ನೇರವಾಗಿ ಕ್ರ್ಯಾಂಕ್ ಕೋಣೆಗೆ ನುಗ್ಗಿ ಮಿಶ್ರಣ ತೆಳುವಾಗುತ್ತದೆ. ಕ್ಲಚ್ ಕಡೆಯದು ಹೋದರೆ ಅಲ್ಲಿನ ಆಯಿಲನ್ನು ಎಂಜಿನ್ ಹೀರಿಕೊಂಡು ಬಿಳಿ ಹೊಗೆ ಬಿಡುತ್ತದೆ, ಕೇಸಿನಲ್ಲಿ ಆಯಿಲ್ ಮಾಯವಾಗುತ್ತಿರುತ್ತದೆ. ಇಂಥ ಎಂಜಿನ್ನಿಗೆ ಎಷ್ಟು ಜೆಟ್ ಬದಲಿಸಿದರೂ ಒಂದು ದಿನದ ಹದ ಮರುದಿನಕ್ಕೆ ಉಳಿಯುವುದಿಲ್ಲ.

ಕಾರ್ಬ್ಯುರೇಟರಿನ ಕೋಣೆಯಲ್ಲಿ ಪೆಟ್ರೋಲಿನ ಮಟ್ಟ ಕಾಯುವ ಫ್ಲೋಟ್ ಕೂಡ ಮೋಸ ಮಾಡುತ್ತದೆ. ಹಿತ್ತಾಳೆಯ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಪೆಟ್ರೋಲ್ ಸದ್ದು ಕೇಳಿದರೆ ಅದು ತೂತಾಗಿದೆ ಎಂದೇ ಅರ್ಥ. ಬಿಸಿನೀರಿನಲ್ಲಿ ಮುಳುಗಿಸಿ ಹಿಡಿದರೆ ಗುಳ್ಳೆ ಎಲ್ಲಿಂದ ಏಳುತ್ತದೆ ಎಂಬುದೂ ಕಾಣುತ್ತದೆ. ತೂತಾದ ಫ್ಲೋಟ್ ಮುಳುಗುತ್ತದೆ, ಕೋಣೆಯಲ್ಲಿ ಪೆಟ್ರೋಲಿನ ಮಟ್ಟ ಏರುತ್ತದೆ, ನಿಧಾನದಿಂದ ಪೂರ್ತಿ ವೇಗದವರೆಗೆ ಎಲ್ಲ ಹಂತದಲ್ಲೂ ಪೆಟ್ರೋಲ್ ಜಾಸ್ತಿಯಾಗುತ್ತದೆ. ಒಳಗೆ ಪೆಟ್ರೋಲ್ ಉಳಿದಿರುವ ಫ್ಲೋಟಿಗೆ ಬೆಸುಗೆ ಹಾಕಲು ಹೋಗುವುದು ಬೆಂಕಿಯೊಡನೆ ಆಟ. ಹೊಸದು ಸಿಗುವುದಾದರೆ ಹೊಸದೇ ಲೇಸು.

ಇಷ್ಟೆಲ್ಲ ಸರಿಯಿದೆ ಎಂದಾದ ಮೇಲೆ ಜೆಟ್ಟಿನ ಸರದಿ.

ಸವಾರ ಸಾಮಾನ್ಯವಾಗಿ ಸ್ಪೀಡೋಮೀಟರ್ ನೋಡಿ ದೂರು ಹೇಳುತ್ತಾನೆ: 'ನಲವತ್ತರಲ್ಲಿ ಮಿಸ್ಸಿಂಗ್ ಬರುತ್ತೆ.' ಕಾರ್ಬ್ಯುರೇಟರಿಗೆ ವೇಗದ ಲೆಕ್ಕ ಗೊತ್ತಿಲ್ಲ. ಎಕ್ಸಲೇಟರ್ ಎಷ್ಟು ತೆರೆದಿದೆ ಎಂಬುದೇ ಅದಕ್ಕೆ ಮುಖ್ಯ. ಇಳಿಜಾರಿನಲ್ಲಿ ಕಾಲು ತಿರುವಿಗೂ ನಲವತ್ತು ಬರುತ್ತದೆ, ಚಾಮುಂಡಿ ಬೆಟ್ಟ ಹತ್ತುವಾಗ ಮುಕ್ಕಾಲು ತಿರುವಿಗೆ ಅದೇ ನಲವತ್ತು. ಹಾಗಾಗಿ ಎಕ್ಸಲೇಟರ್ ಹಿಡಿಯ ಮೇಲೊಂದು ಬಿಳಿ ಟೇಪು, ಪಕ್ಕದ ಸ್ವಿಚ್ಚಿನ ಮೇಲೊಂದು ಟೇಪು ಅಂಟಿಸಿ, ಮುಚ್ಚಿದ ಸ್ಥಿತಿ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಗೀರು ಎಳೆದುಕೊಳ್ಳಬೇಕು. ಐದು ನಿಮಿಷದ ಕೆಲಸ; ಅದಿಲ್ಲದೆ ಮಾಡಿದ ಟ್ಯೂನಿಂಗೆಲ್ಲ ಅಂದಾಜು.

ಆ ಗೀರುಗಳ ಪ್ರಕಾರ ಹಂಚಿಕೆ ಹೀಗೆ. ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಪಾಲಿನವರೆಗೆ ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ. ಗ್ಯಾರೇಜುಗಳಲ್ಲಿ ಇದಕ್ಕೆ ಸ್ಲೋ ಜೆಟ್ ಎನ್ನುವುದೂ ಉಂಟು. ಅಲ್ಲಿಂದ ಕಾಲು ತಿರುವಿನವರೆಗೆ ಎಕ್ಸಲೇಟರಿನೊಡನೆ ಏರಿಳಿಯುವ ಸ್ಲೈಡಿನ ಅಡಿಯಲ್ಲಿ ಓರೆಯಾಗಿ ಕತ್ತರಿಸಿದ ಭಾಗದ ಪ್ರಭಾವ. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿ ಮತ್ತು ಅದು ಇಳಿಯುವ ನೀಡಲ್ ಜೆಟ್. ಮುಕ್ಕಾಲು ದಾಟಿದ ಮೇಲೆ ಮೇನ್ ಜೆಟ್. ಗಡಿಗಳು ಒಂದರೊಳಗೊಂದು ಬೆರೆತಿರುತ್ತವೆ, ಆದರೂ ದೂರು ಯಾವ ಗೀರಿನಲ್ಲಿ ಬಂತು ಎಂದು ಗೊತ್ತಾದರೆ ಯಾರನ್ನು ವಿಚಾರಿಸಬೇಕು ಎಂಬುದೂ ಗೊತ್ತಾಗುತ್ತದೆ.

ಕೆಲಸ ಮೇನ್ ಜೆಟ್ಟಿನಿಂದ ಹೊರಡಲಿ, ಏಕೆಂದರೆ ಪಿಸ್ಟನ್ ಸೀಜ್ ಆಗುವ ಅಪಾಯ ಹೆಚ್ಚು ಇರುವುದು ಅಲ್ಲೇ. ಕೈಪಿಡಿಯ ನಂಬರಿಗಿಂತ ಒಂದೆರಡು ಅಳತೆ ದೊಡ್ಡದನ್ನು ಹಾಕಿ ಇಳಿಯುತ್ತ ಬರುವುದು ಕ್ಷೇಮ. ಚಿಕ್ಕದರಿಂದ ಹತ್ತುವವರು ಒಂದು ಪಿಸ್ಟನ್ ಬಲಿ ಕೊಟ್ಟು ಪಾಠ ಕಲಿಯುತ್ತಾರೆ. ಬೆಳಗಿನ ಖಾಲಿ ರಸ್ತೆಯಲ್ಲಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ ಸಣ್ಣ ಏರು ಹತ್ತಿಸಿದರೆ ವೇಗ ಮಿತಿಮೀರದೆ ಪೂರ್ತಿ ಎಕ್ಸಲೇಟರ್ ಕೊಡಬಹುದು. ಪೆಟ್ರೋಲ್ ಜಾಸ್ತಿಯಾದ ಎರಡು ಸ್ಟ್ರೋಕಿನ ಬಂಡಿ ನಾಲ್ಕು ಸ್ಟ್ರೋಕಿನಂತೆ ಬಿಟ್ಟು ಬಿಟ್ಟು ಉರಿಯುತ್ತದೆ; ಗಂಟಲಲ್ಲಿ ಏನೋ ಸಿಕ್ಕಿಕೊಂಡಂಥ ಗೊಗ್ಗರು ದನಿ. ಒಂದು ಅಳತೆ ಇಳಿಸಿದಾಗ ಆ ದನಿ ಹೋಗಿ ಎಳೆತ ನಯವಾದರೆ ಅಲ್ಲೇ ನಿಲ್ಲಿಸಬೇಕು. ಇನ್ನೂ ಇಳಿಸಿದರೆ ಮೈಲೇಜ್ ಬರಬಹುದೆಂಬ ಆಸೆಗೆ ಇಲ್ಲಿ ಜಾಗವಿಲ್ಲ. ಹೆಚ್ಚಿನ ಶಕ್ತಿ ಬರುವುದೂ ಎಂಜಿನ್ ತಂಪಾಗಿರುವುದೂ ಸ್ವಲ್ಪ ಪೆಟ್ರೋಲ್ ಹೆಚ್ಚಿರುವ ಮಿಶ್ರಣದಲ್ಲಿ.

ಅನುಮಾನ ಉಳಿದರೆ ಚೋಕ್ ಇದೆ. ಓಡುತ್ತಿರುವಾಗ ಚೋಕನ್ನು ಚೂರು ಎಳೆದೊಡನೆ ಬಂಡಿ ಚುರುಕಾದರೆ ಅದಕ್ಕೆ ಪೆಟ್ರೋಲ್ ಸಾಲುತ್ತಿರಲಿಲ್ಲ. ಇನ್ನೂ ಮುಗ್ಗರಿಸಿದರೆ ಸಾಕಷ್ಟಿದೆ ಅಥವಾ ಹೆಚ್ಚೇ ಇದೆ.

ಪ್ಲಗ್ ನೋಡಿ ಹೇಳುವ ವಿದ್ಯೆಯೂ ಉಂಟು, ಆದರೆ ಅದರ ಹಳೆಯ ಪಾಠವನ್ನು ತಿದ್ದಿಕೊಳ್ಳಬೇಕು. 'ಕಾಫಿ ಬಣ್ಣ ಬಂದರೆ ಸರಿ' ಎಂಬ ಮಾತು ಸೀಸದ ಪೆಟ್ರೋಲಿನ ಕಾಲದ್ದು. ಸೀಸದ ಉಳಿಕೆಯೇ ಪಿಂಗಾಣಿಗೆ ಬಣ್ಣ ಕೊಡುತ್ತಿತ್ತು. ಈಗಿನ ಪೆಟ್ರೋಲಿನಲ್ಲಿ ಸರಿಯಾದ ಪ್ಲಗ್ ಕೂಡ ಬಿಳಿಚಿಕೊಂಡಂತೆ ಕಾಣಬಹುದು. ನೋಡಬೇಕಾದ್ದು ತುದಿಯನ್ನಲ್ಲ, ಪಿಂಗಾಣಿ ಲೋಹದೊಳಗೆ ಇಳಿಯುವ ಬುಡವನ್ನು. ಅಲ್ಲಿ ತೆಳುವಾದ ಕಂದು ಉಂಗುರ ಇರಬೇಕು. ಹೊಸ ಪ್ಲಗ್ ಹಾಕಿ, ಒಂದು ಕಿಲೋಮೀಟರ್‌ನಷ್ಟು ಪೂರ್ತಿ ಎಕ್ಸಲೇಟರಿನಲ್ಲಿ ಓಡಿಸಿ, ಕ್ಲಚ್ ಹಿಡಿದು ಅದೇ ಕ್ಷಣ ಕೀ ಆಫ್ ಮಾಡಿ ಬಂಡಿ ನಿಲ್ಲಿಸಿ ಬಿಚ್ಚಿದರೆ ಮಾತ್ರ ಅದು ಮೇನ್ ಜೆಟ್ಟಿನ ಕಥೆ ಹೇಳುತ್ತದೆ. ಮನೆಯವರೆಗೂ ನಿಧಾನವಾಗಿ ಓಡಿಸಿಕೊಂಡು ಬಂದು ಬಿಚ್ಚಿದ ಪ್ಲಗ್ ಹೇಳುವುದು ಪೈಲಟ್ ಜೆಟ್ಟಿನ ಕಥೆ.

ಇನ್ನು ನಿಧಾನಗತಿ. ಹತ್ತು ನಿಮಿಷ ಓಡಿಸಿ ಬಂದು, ಐಡ್ಲಿಂಗ್ ಕೊಂಚ ಏರಿಸಿಟ್ಟು, ಏರ್ ಸ್ಕ್ರೂವನ್ನು ತಳ ಮುಟ್ಟುವವರೆಗೆ ಹಗುರವಾಗಿ ತಿರುಗಿಸಬೇಕು. ಒತ್ತಿ ಬಿಗಿದರೆ ಅದರ ಮೊನೆ ಮೊಂಡಾಗುತ್ತದೆ. ಅಲ್ಲಿಂದ ಒಂದೂವರೆ ಸುತ್ತು ಬಿಚ್ಚಿ, ಮುಂದೆ ಕಾಲು ಸುತ್ತಿನಂತೆ ಅತ್ತ ಇತ್ತ ತಿರುಗಿಸುತ್ತ ಎಂಜಿನ್ ಅತಿ ಹೆಚ್ಚು ಚುರುಕಾಗಿ ತಿರುಗುವ ಜಾಗ ಹಿಡಿಯಬೇಕು. ಸ್ಕ್ರೂ ಪೂರಾ ಮುಚ್ಚುವ ಹೊತ್ತಿಗಷ್ಟೇ ಚೆನ್ನಾದರೆ ಪೈಲಟ್ ಜೆಟ್ ಚಿಕ್ಕದಾಯಿತು. ಮೂರು ಸುತ್ತು ಬಿಚ್ಚಿದರೂ ಇನ್ನೂ ಬೇಕೆಂದರೆ ದೊಡ್ಡದಾಯಿತು. ಈ ಮಾತು ಸ್ಕ್ರೂ ಏರ್ ಫಿಲ್ಟರಿನ ಕಡೆ ಇರುವ ಕಾರ್ಬ್ಯುರೇಟರಿಗೆ ಹೊಂದುತ್ತದೆ. ಸ್ಕ್ರೂ ಎಂಜಿನ್ ಕಡೆಗಿದ್ದರೆ ಅದು ಸಾಮಾನ್ಯವಾಗಿ ಪೆಟ್ರೋಲ್ ಹಿಡಿತದ ಸ್ಕ್ರೂ. ಬಿಚ್ಚಿದಷ್ಟೂ ಪೆಟ್ರೋಲ್ ಹೆಚ್ಚುತ್ತದೆ, ಲೆಕ್ಕವೆಲ್ಲ ತಿರುವುಮುರುವು.

ನಡುವಿನ ಹಂತದಲ್ಲಿ ಸೂಜಿಯ ತಲೆಯ ಗೀರುಗಳಲ್ಲಿ ಕ್ಲಿಪ್ ಎಲ್ಲಿ ಕೂತಿದೆ ಎಂಬುದೇ ಎಲ್ಲ. ಕ್ಲಿಪ್ ಒಂದು ಗೀರು ಕೆಳಗಿಳಿದರೆ ಸೂಜಿ ಮೇಲೇರುತ್ತದೆ, ಪೆಟ್ರೋಲ್ ಹೆಚ್ಚುತ್ತದೆ. ಇದನ್ನು ಉಲ್ಟಾ ಮಾಡಿ ದಿನಗಟ್ಟಲೆ ತಲೆಕೆಡಿಸಿಕೊಂಡವರಿದ್ದಾರೆ. ಹಳೆಯ ಬಂಡಿಯಲ್ಲಿ ಇಲ್ಲಿನ ಮುಖ್ಯ ರೋಗ ಸವಕಲು. ಸೂಜಿ ದಶಕಗಳ ಕಾಲ ನಡುಗುತ್ತ ನೀಡಲ್ ಜೆಟ್ಟಿನ ಗೋಡೆ ಸವರಿ ಸವರಿ ದುಂಡನೆಯ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಊರೊಳಗೆ ಓಡಿಸುವಾಗ ಬರುವ ಹೊಗೆ, ಇಳಿದ ಮೈಲೇಜ್, ಪದೇ ಪದೇ ಕಪ್ಪಾಗುವ ಪ್ಲಗ್ಗುಗಳಿಗೆ ಬಹಳಷ್ಟು ಸಲ ಕಾರಣ ಇದು. ಜನ ಮೇನ್ ಜೆಟ್ ಚಿಕ್ಕದು ಮಾಡುತ್ತಾರೆ. ಊರೊಳಗಿನ ಹೊಗೆ ಹಾಗೇ ಉಳಿಯುತ್ತದೆ, ಹೆದ್ದಾರಿಗೆ ಬಂದಾಗ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಸೂಜಿಯನ್ನೂ ನೀಡಲ್ ಜೆಟ್ಟನ್ನೂ ಒಟ್ಟಿಗೇ ಬದಲಿಸಬೇಕು.

ಜೆಟ್ಟಿನ ಮೇಲಿನ ಅಂಕಿಯ ವಿಚಾರದಲ್ಲೂ ಎಚ್ಚರ ಬೇಕು. ಡೆಲೊರ್ಟೊ, ಕೀಹಿನ್ ಮೇನ್ ಜೆಟ್ಟುಗಳಲ್ಲಿ ಆ ಅಂಕಿ ತೂತಿನ ವ್ಯಾಸವನ್ನು ಮಿಲಿಮೀಟರಿನ ನೂರನೇ ಪಾಲಿನಲ್ಲಿ ಹೇಳುತ್ತದೆ. ಹಳೆಯ ಬುಲೆಟ್ಟುಗಳಲ್ಲಿ ಬರುತ್ತಿದ್ದ ಅಮಲ್ ಕಾರ್ಬ್ಯುರೇಟರಿನಲ್ಲಿ ಅದು ನಿಮಿಷಕ್ಕೆ ಎಷ್ಟು ಸಿ.ಸಿ. ಹರಿಯುತ್ತದೆ ಎಂಬ ಅಳತೆ. ಒಂದರ ನಂಬರನ್ನು ಇನ್ನೊಂದಕ್ಕೆ ಹೋಲಿಸಿ ಫಲವಿಲ್ಲ. ಇನ್ನು ವ್ಯಾಸದ ಲೆಕ್ಕ ಕಣ್ಣಿಗೆ ಮೋಸ ಮಾಡುತ್ತದೆ: 0.90 ಮಿ.ಮೀ. ತೂತು 1.00 ಆದರೆ ಹೆಚ್ಚಳ ಶೇಕಡ 11 ಅಲ್ಲ, ತೂತಿನ ವಿಸ್ತೀರ್ಣ ಶೇಕಡ 23ರಷ್ಟು ಹೆಚ್ಚುತ್ತದೆ. ಕಟ್ಟಿಕೊಂಡ ಜೆಟ್ಟಿಗೆ ತಾಮ್ರದ ತಂತಿಯೋ ಗುಂಡುಸೂಜಿಯೋ ತೂರಿಸುವ ಅಭ್ಯಾಸವನ್ನು ಈ ಲೆಕ್ಕದಲ್ಲಿ ನೋಡಬೇಕು. 0.90ರ ತೂತು ಬರೀ 0.02 ಮಿ.ಮೀ. ಸವೆದರೂ ಪೆಟ್ರೋಲ್ ನಾಲ್ಕೂವರೆ ಶೇಕಡ ಹೆಚ್ಚುತ್ತದೆ, ಮೇಲಿನ ಅಂಕಿ ಮಾತ್ರ 90 ಎಂದೇ ಹೇಳುತ್ತಿರುತ್ತದೆ. ಕಾರ್ಬ್ಯುರೇಟರ್ ಕ್ಲೀನರಿನಲ್ಲಿ ನೆನೆಸಿ ಗಾಳಿ ಊದಿಸಿದರೆ ಸಾಕು.

ಮಾರುಕಟ್ಟೆಯ ನಕಲಿ ಜೆಟ್ಟುಗಳನ್ನು ಪರೀಕ್ಷಿಸಲು ಮನೆಯಲ್ಲೇ ಒಂದು ಉಪಾಯವುಂಟು. ದೊಡ್ಡ ಸಿರಿಂಜಿನ ತುದಿಗೆ ರಬ್ಬರ್ ಪೈಪಿನ ತುಂಡು, ಅದರ ಬಾಯಿಗೆ ಜೆಟ್. ಒಂದೇ ಮಟ್ಟದವರೆಗೆ ನೀರು ತುಂಬಿಸಿ, ತಾನಾಗಿ ಇಳಿದುಹೋಗಲು ಎಷ್ಟು ಸೆಕೆಂಡ್ ಬೇಕೆಂದು ಮೊಬೈಲಿನಲ್ಲಿ ಅಳೆಯುವುದು. ಒಂದೇ ನಂಬರಿನ ಎರಡು ಜೆಟ್ಟುಗಳ ನಡುವೆ ವ್ಯತ್ಯಾಸ ಕಂಡರೆ ಯಾವುದನ್ನು ನಂಬಬೇಕೆಂಬ ಪ್ರಶ್ನೆಗೆ ಆಗಲೇ ಉತ್ತರ ಹುಡುಕಿಕೊಳ್ಳುವುದು ಒಳ್ಳೆಯದು, ರಸ್ತೆಯ ಮೇಲಲ್ಲ.

ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ, ಕರ್ನಾಟಕದ ಸವಾರರಿಗಂತೂ ಇದು ನಿತ್ಯದ ಸಂಗತಿ. ಸಾವಿರ ಮೀಟರ್ ಏರಿದರೆ ಗಾಳಿಯ ಸಾಂದ್ರತೆ ಸುಮಾರು ಒಂಬತ್ತು ಶೇಕಡ ಇಳಿಯುತ್ತದೆ. ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಸುಮಾರು ಐದು ಶೇಕಡ ಹೆಚ್ಚಾದಂತಾಗುತ್ತದೆ. ಮಂಗಳೂರಿನ ಕಡಲ ಮಟ್ಟದಲ್ಲಿ ಹದವಾದ ಬಂಡಿ ಮಡಿಕೇರಿಯ ಸುಮಾರು 1,150 ಮೀಟರ್ ಹತ್ತಿದಾಗ ಕೊಂಚ ಮಂಕಾಗುತ್ತದೆ, ಅಷ್ಟೆ, ಅಪಾಯವಿಲ್ಲ. ತೊಂದರೆ ಇರುವುದು ಹಿಮ್ಮುಖ ಪ್ರಯಾಣದಲ್ಲಿ. ಸುಮಾರು 2,240 ಮೀಟರ್ ಎತ್ತರದ ಊಟಿಯಲ್ಲಿ ಚೆನ್ನಾಗಿ ಓಡಲೆಂದು ಜೆಟ್ ಚಿಕ್ಕದು ಮಾಡಿಕೊಂಡು, ಅದನ್ನು ಬದಲಿಸದೆ 770 ಮೀಟರಿನ ಮೈಸೂರಿಗೆ ಇಳಿದು ಹೆದ್ದಾರಿಯಲ್ಲಿ ಪೂರ್ತಿ ಎಕ್ಸಲೇಟರ್ ಕೊಟ್ಟರೆ ದಟ್ಟ ಗಾಳಿಗೆ ಪೆಟ್ರೋಲ್ ಸಾಲದೆ ಪಿಸ್ಟನ್ ಕಾದು ಹಿಡಿಯುತ್ತದೆ. ಡಿಸೆಂಬರಿನ ಮುಂಜಾನೆಯ ತಂಪು ಗಾಳಿಯೂ ಏಪ್ರಿಲ್ ಮಧ್ಯಾಹ್ನದ ಗಾಳಿಗಿಂತ ದಟ್ಟ. ಹಾಗಾಗಿ ಬೇಸಿಗೆಯ ನಡುಹಗಲಲ್ಲಿ ಮೇನ್ ಜೆಟ್ಟನ್ನು ತೀರ ಅಂಚಿಗೆ ತಂದು ನಿಲ್ಲಿಸಬಾರದು.

ಘಾಟಿ ಇಳಿಯುವಾಗ ಇನ್ನೊಂದು ಎಚ್ಚರ, ಇದಕ್ಕೂ ಜೆಟ್ ನಂಬರಿಗೂ ಸಂಬಂಧವಿಲ್ಲ, ಆದರೂ ಹೇಳದೆ ಬಿಡುವ ಹಾಗಿಲ್ಲ. ಎಕ್ಸಲೇಟರ್ ಪೂರಾ ಮುಚ್ಚಿ ಗೇರಿನ ಹಿಡಿತದಲ್ಲೇ ಎರಡು ಸ್ಟ್ರೋಕಿನ ಬಂಡಿ ಇಳಿಸಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಮಾತ್ರ ಹೆಚ್ಚು ಬರುವುದಿಲ್ಲ. ಪೆಟ್ರೋಲ್ ಇಲ್ಲವೆಂದರೆ ಆಯಿಲ್ಲೂ ಇಲ್ಲ. ನಡುನಡುವೆ ಕ್ಲಚ್ ಹಿಡಿದು ಒಂದು ಸಲ ಎಕ್ಸಲೇಟರ್ ತಿರುಗಿಸಿ ಎಂಜಿನ್ನಿಗೆ ಜಿಡ್ಡು ಕುಡಿಸುವುದು ಜಾವಾ ಓಡಿಸುವವರ ಹಳೆಯ ರೂಢಿ. ಆಯಿಲ್ ಹೆಚ್ಚು ಹಾಕಿದರೆ ಕ್ಷೇಮವೆಂಬ ನಂಬಿಕೆಯನ್ನೂ ಇಲ್ಲೇ ತಿದ್ದಬಹುದು. ಲೀಟರಿಗೆ 40 ಮಿ.ಲೀ. ಹಾಕುವ ಕಡೆ 60 ಹಾಕಿದರೆ ಅದೇ ತೂತಿನಿಂದ ಹಾಯುವ ದ್ರವದಲ್ಲಿ ಪೆಟ್ರೋಲಿನ ಪಾಲು ಇಳಿಯಿತು, ದ್ರವವೂ ಮಂದವಾಯಿತು. ಮಿಶ್ರಣ ಇನ್ನಷ್ಟು ತೆಳುವಾಯಿತು.

ಇ20ಕ್ಕೆ ಹೊಂದಿಸುವವರು ಮೇನ್ ಜೆಟ್ ಒಂದು ಅಳತೆ ದೊಡ್ಡದು, ಸೂಜಿಯ ಕ್ಲಿಪ್ ಒಂದು ಗೀರು ಕೆಳಗೆ ಎಂದು ಹೊರಟು ಮೇಲಿನ ಪರೀಕ್ಷೆಗಳನ್ನು ಮಾಡಿ ನೋಡಬಹುದು. ಕಾರ್ಖಾನೆಯಿಂದಲೇ ಸ್ವಲ್ಪ ಧಾರಾಳವಾಗಿ ಪೆಟ್ರೋಲ್ ಕುಡಿಯುತ್ತಿದ್ದ ಬಂಡಿಗಳಿಗೆ ಬದಲಾವಣೆಯೇ ಬೇಡವಾಗಲೂಬಹುದು. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಕಾರ್ಬ್ಯುರೇಟರಿನ ಸತುವಿನ ಮೈಯಲ್ಲಿ ಬಿಳಿ ಬೂಷ್ಟಿನಂಥ ಪುಡಿ ಕಟ್ಟಿಸುತ್ತದೆ; ಆ ಪುಡಿ ಹೋಗಿ ಕೂರುವುದು ಪೈಲಟ್ ಜೆಟ್ಟಿನ ಬಾಯಲ್ಲೇ. ಹದಿನೈದು ದಿನಕ್ಕಿಂತ ಹೆಚ್ಚು ಬಂಡಿ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ ಫ್ಲೋಟ್ ಕೋಣೆಯನ್ನು ಖಾಲಿ ಮಾಡಿಡಬೇಕು. ಆ ಕೆಲಸ ಬಯಲಿನಲ್ಲಿ ಆಗಲಿ, ಹತ್ತಿರ ಒಲೆ, ಬೀಡಿ ಇಲ್ಲದ ಕಡೆ.

ಒಂದು ಸಲಕ್ಕೆ ಒಂದೇ ಬದಲಾವಣೆ, ಪ್ರತಿ ಬದಲಾವಣೆಗೂ ಒಂದು ಸಾಲು ಬರಹ. ಹಾಲಿನ ಲೆಕ್ಕ ಬರೆಯುವಂಥ ಪುಟ್ಟ ಪುಸ್ತಕ ಸಾಕು, ಜಾವಾದ ಟೂಲ್ ಬಾಕ್ಸಿನಲ್ಲಿ ಸ್ಪ್ಯಾನರುಗಳ ಪಕ್ಕ ಅದಕ್ಕೆ ಜಾಗವಿದೆ. ತಾರೀಕು, ಊರು, ಬೆಳಗೋ ಮಧ್ಯಾಹ್ನವೋ, ಮೇನ್ ಜೆಟ್, ಪೈಲಟ್ ಜೆಟ್, ಮೇಲಿನಿಂದ ಎಷ್ಟನೇ ಗೀರಿನಲ್ಲಿ ಕ್ಲಿಪ್, ಏರ್ ಸ್ಕ್ರೂ ಎಷ್ಟು ಸುತ್ತು, ಯಾವ ಬಂಕಿನ ಪೆಟ್ರೋಲ್, ಅರ್ಧ ತಿರುವಿನಲ್ಲಿ ದನಿ ಹೇಗಿತ್ತು. ಮುಂದಿನ ಮಳೆಗಾಲದಲ್ಲಿ ಬಂಡಿ ಮತ್ತೆ ಮುಕ್ಕರಿಸಿದಾಗ ಮೊದಲು ತೆರೆಯಬೇಕಾದ್ದು ಕಾರ್ಬ್ಯುರೇಟರಿನ ಮುಚ್ಚಳವಲ್ಲ, ಆ ಪುಸ್ತಕದ ಕೊನೆಯ ಪುಟ.